ಪರದೆಯ ನೀಲಿ ಬೆಳಕು: ಭಯವೆಷ್ಟು, ನಿಜವೆಷ್ಟು?

ಕನ್ನಡಕ ಕೊಳ್ಳಲು ಹೋದವರಿಗೆ ಹಲವು ಅಂಗಡಿಗಳಲ್ಲಿ ಈಗ ಒಂದು ಪುಟ್ಟ ಪ್ರಯೋಗವನ್ನು ಮಾಡಿ ತೋರಿಸಲಾಗುತ್ತದೆ. ಪೆನ್ನಿನಾಕಾರದ ಟಾರ್ಚೊಂದರಿಂದ ನೇರಳೆ ಮಿಶ್ರಿತ ನೀಲಿ ಕಿರಣವನ್ನು ಮೊದಲು ಸಾಮಾನ್ಯ ಗಾಜಿನ ಮೂಲಕ ಹಾಯಿಸುತ್ತಾರೆ. ಹಿಂದೆ ಹಿಡಿದ ಕಾರ್ಡಿನ ಮೇಲೆ ಚುಕ್ಕೆ ಹೊಳೆಯುತ್ತದೆ. ಬಳಿಕ ‘ಬ್ಲೂ ಕಟ್’ ಗಾಜಿನ ಮೂಲಕ ಹಾಯಿಸುತ್ತಾರೆ. ಚುಕ್ಕೆ ಮಾಯ! ಮೊಬೈಲು, ಕಂಪ್ಯೂಟರುಗಳಿಂದ ಹೊಮ್ಮುವ ಅಪಾಯಕಾರಿ ಬೆಳಕನ್ನು ಈ ಗಾಜು ಹೀಗೆಯೇ ತಡೆಯುತ್ತದೆ ಎಂಬ ವಿವರಣೆಯೂ ಜೊತೆಗಿರುತ್ತದೆ. ಮಗುವಿನ ಕಣ್ಣಿನ ಮಾತು ಬಂದಾಗ ಯಾವ ತಂದೆತಾಯಿ ಚೌಕಾಸಿಗೆ ಇಳಿದಾರು?

ಪ್ರಯೋಗವೇನೋ ಸುಳ್ಳಲ್ಲ. ಆದರೆ ಅದು ತೋರಿಸುವುದು ಬೇರೆಯದನ್ನೇ. ಇಂಥ ಟಾರ್ಚುಗಳ ಕಿರಣ ಸಾಮಾನ್ಯವಾಗಿ 405 ನ್ಯಾನೊಮೀಟರ್ ಆಸುಪಾಸಿನದು, ಅಂದರೆ ನೇರಳೆಯ ಅಂಚಿನದು. ಮೊಬೈಲ್ ಪರದೆಯ ನೀಲಿ ಬೆಳಕು ಅತಿ ಹೆಚ್ಚು ಇರುವುದು 450 ನ್ಯಾನೊಮೀಟರಿನ ಸುತ್ತಮುತ್ತ. ಮೊದಲನೆಯದನ್ನು ಪೂರ್ತಿ ತಡೆಯುವ ಗಾಜು ಎರಡನೆಯದರ ಬಹುಪಾಲನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಬಿಡದಿದ್ದರೆ ಕನ್ನಡಕ ಹಾಕಿದವರಿಗೆ ಲೋಕವೆಲ್ಲ ಹಳದಿಯಾಗಿ ಕಾಣಬೇಕಿತ್ತು.

ನೀಲಿ ಬೆಳಕು ಎಲ್ಲಿಂದ ಬರುತ್ತದೆ?

ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು 400ರಿಂದ 500 ನ್ಯಾನೊಮೀಟರ್ ತರಂಗಾಂತರದ ಭಾಗವನ್ನು ನೀಲಿ ಬೆಳಕು ಎನ್ನುವುದು ರೂಢಿ. ಇದು ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ, ಸೂರ್ಯನೊಂದಿಗೇ ಇದೆ. ಎಲ್‌ಇಡಿ ಬಂದ ಮೇಲೆ ಇದರ ಮಾತು ಹೆಚ್ಚಾಯಿತು. ಬಿಳಿ ಎಲ್‌ಇಡಿ ಎಂಬುದು ಮೂಲತಃ ನೀಲಿ ದೀಪ. ಅದರ ಮೇಲೆ ಬಳಿದ ಹಳದಿ ರಂಜಕ ಲೇಪನವು ನೀಲಿಯ ಒಂದು ಪಾಲನ್ನು ಹೀರಿ ಹಳದಿಯಾಗಿ ಹೊರಸೂಸುತ್ತದೆ. ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ಸಮರ್ಥ ನೀಲಿ ಎಲ್‌ಇಡಿಯನ್ನು ರೂಪಿಸಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶೂಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಭಯಕ್ಕೆ ವಿಜ್ಞಾನದ ಆಧಾರ ಇಲ್ಲವೇ ಇಲ್ಲ ಎನ್ನುವಂತಿಲ್ಲ. ತೀವ್ರವಾದ ಬೆಳಕು ದೀರ್ಘಕಾಲ ಬಿದ್ದರೆ ಇಲಿಗಳ ಅಕ್ಷಿಪಟಲ ಹಾಳಾಗುತ್ತದೆ ಎಂಬುದನ್ನು ವರ್ನರ್ ನೋಯೆಲ್ ಎಂಬ ವಿಜ್ಞಾನಿ 1966ರಲ್ಲಿಯೇ ತೋರಿಸಿದ್ದರು. ಕೆಂಪಿಗಿಂತ ನೀಲಿಗೆ ಈ ಶಕ್ತಿ ಹೆಚ್ಚು ಎಂಬುದೂ ಮುಂದೆ ತಿಳಿದುಬಂತು. ಗ್ರಹಣದ ವೇಳೆ ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದವರ ದೃಷ್ಟಿಯ ನಡುವೆ ಕಪ್ಪು ಮಚ್ಚೆ ಉಳಿಯುವುದೂ ಇಂಥ ಹಾನಿಯಿಂದಲೇ. ಆದರೆ ಪ್ರಶ್ನೆ ಬೆಳಕಿನ ಬಣ್ಣದ್ದಷ್ಟೇ ಅಲ್ಲ, ಪ್ರಮಾಣದ್ದೂ ಹೌದು.

ಹೊಸಹಳ್ಳಿಯ ಬಿಸಿಲು, ಅಂಗೈಯ ಪರದೆ

ಪ್ರಮಾಣವೆಷ್ಟೆಂದು ತಿಳಿಯಲು ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯನ್ನೇ ನೆನೆಯಬಹುದು. ಅಪ್ಪಟ ಬಯಲುಸೀಮೆ. ಅಲ್ಲಿನ ಹೊಲದಲ್ಲಿ ಬೇಸಿಗೆಯ ನಡುಮಧ್ಯಾಹ್ನ ನಿಂತವರ ಸುತ್ತಲಿನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಮೋಡ ಕವಿದ ದಿನ ಹತ್ತು ಸಾವಿರದ ಆಸುಪಾಸು. ತರಗತಿಯ ಕೊಠಡಿಯೊಳಗೆ ಮುನ್ನೂರರಿಂದ ಐನೂರು ಇದ್ದರೆ ಅದೇ ಹೆಚ್ಚು. ಇನ್ನು ಅಂಗೈಯಲ್ಲಿ ಹಿಡಿದ ಮೊಬೈಲಿನಿಂದ ಕಣ್ಣಿಗೆ ತಲುಪುವುದು ನೂರು ಲಕ್ಸ್ ದಾಟುವುದೂ ಅಪರೂಪ. ಹೊಲದಲ್ಲಿ ದಿನವಿಡೀ ದುಡಿಯುವವರ ಕಣ್ಣಿಗೆ ಬೀಳುವ ನೀಲಿ ಬೆಳಕಿನ ಮುಂದೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯ ಪರದೆ ಯಾವ ಲೆಕ್ಕಕ್ಕೂ ಇಲ್ಲ.

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಎಲ್‌ಇಡಿ ದೀಪ, ಕಂಪ್ಯೂಟರ್, ಟ್ಯಾಬ್ಲೆಟ್, ಮೊಬೈಲುಗಳ ಬೆಳಕನ್ನು ಅಳೆದು 2016ರಲ್ಲಿ ವರದಿ ಪ್ರಕಟಿಸಿದರು. ದೀರ್ಘಕಾಲ ನೋಡಿದರೂ ಇವುಗಳಲ್ಲಿ ಯಾವುದೂ ಅಂತರರಾಷ್ಟ್ರೀಯ ಸುರಕ್ಷತಾ ಮಿತಿಯನ್ನು ಮೀರುವುದಿಲ್ಲ ಎಂಬುದು ಅವರ ನಿರ್ಣಯ. ಪರದೆಯ ನೀಲಿ ಬೆಳಕಿನಿಂದ ಕಣ್ಣಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ, ಆದ್ದರಿಂದ ಅದಕ್ಕಾಗಿ ವಿಶೇಷ ಕನ್ನಡಕವನ್ನು ತಾನು ಶಿಫಾರಸು ಮಾಡುವುದಿಲ್ಲ ಎಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೂ ಸ್ಪಷ್ಟವಾಗಿ ಹೇಳಿದೆ.

ಕನ್ನಡಕದ ಪರೀಕ್ಷೆಯೂ ಆಗಿದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ 2023ರ ಆಗಸ್ಟ್‌ನಲ್ಲಿ ಹೊರಬಂದ ಕಾಕ್ರೇನ್ ವಿಮರ್ಶೆಯು ಆರು ದೇಶಗಳಲ್ಲಿ ನಡೆದ 17 ಪ್ರಯೋಗಗಳನ್ನು ಒರೆಗೆ ಹಚ್ಚಿತು. ಸಾಮಾನ್ಯ ಗಾಜಿಗೆ ಹೋಲಿಸಿದರೆ ನೀಲಿ ಸೋಸುವ ಗಾಜಿನಿಂದ ಕಂಪ್ಯೂಟರ್ ಬಳಸುವವರ ಕಣ್ಣಿನ ಆಯಾಸವೇನೂ ಕಡಿಮೆಯಾಗದು ಎಂಬ ತೀರ್ಮಾನಕ್ಕೆ ಬಂತು. ಈ ಗಾಜುಗಳು ಸಾಮಾನ್ಯವಾಗಿ ಸೋಸುವುದು ನೀಲಿ ಬೆಳಕಿನ ಶೇ 10ರಿಂದ 25ರಷ್ಟನ್ನು ಮಾತ್ರ ಎಂದೂ ಸಂಶೋಧಕರು ತಿಳಿಸಿದರು. ಪ್ರಯೋಗಗಳು ಚಿಕ್ಕವು, ಅತಿ ದೀರ್ಘವಾದದ್ದೂ ಐದು ವಾರ ಮಾತ್ರ ನಡೆದದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ಆದರೂ ಜಾಹೀರಾತುಗಳ ಭರವಸೆಗೂ ಈ ಫಲಿತಾಂಶಕ್ಕೂ ಅಜಗಜಾಂತರ. ಬ್ರಿಟನ್ನಿನಲ್ಲಿ ನೀಲಿ ಬೆಳಕಿನ ಭಯ ಹುಟ್ಟಿಸುವ 2015ರ ಜಾಹೀರಾತಿಗಾಗಿ ಬೂಟ್ಸ್ ಎಂಬ ದೊಡ್ಡ ಕನ್ನಡಕ ಸಂಸ್ಥೆಗೆ ಅಲ್ಲಿನ ನಿಯಂತ್ರಣ ಮಂಡಳಿ 2017ರಲ್ಲಿ 40,000 ಪೌಂಡ್ ದಂಡ ವಿಧಿಸಿತ್ತು.

ಹಾಗಾದರೆ ಕಣ್ಣು ಉರಿಯುವುದೇಕೆ?

ನೀಲಿ ಬೆಳಕು ನಿರಪರಾಧಿಯಾದರೆ ಸಂಜೆಯ ಹೊತ್ತಿಗೆ ಕಣ್ಣು ಉರಿಯುವುದು, ಹಣೆ ಸಿಡಿಯುವುದು, ಅಕ್ಷರ ಮಸುಕಾಗುವುದು ಏಕೆ? ನೋವು ನಿಜ, ಆರೋಪಿ ಬೇರೆ.

ಸಾಮಾನ್ಯವಾಗಿ ಮನುಷ್ಯ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಮಿಟುಕಿಸುತ್ತಾನೆ. ಪರದೆಯಲ್ಲಿ ಮಗ್ನನಾದಾಗ ಅದು ಐದಾರಕ್ಕೆ ಇಳಿಯುವುದುಂಟು. ಮಿಟುಕಿಸಿದರೂ ರೆಪ್ಪೆ ಅರ್ಧಕ್ಕೇ ಮರಳುತ್ತದೆ. ಕಣ್ಣಿನ ಮೇಲಿನ ಕಣ್ಣೀರಿನ ತೆಳುಪದರವನ್ನು ಹರಡುವ ಕೆಲಸ ರೆಪ್ಪೆಯದು. ಅದು ಸುಮ್ಮನಾದರೆ ಪದರ ಒಡೆದು ಕಣ್ಣು ಒಣಗುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ. ಕಚೇರಿಯ ಹವಾನಿಯಂತ್ರಣ, ಮುಖಕ್ಕೇ ಬೀಸುವ ಫ್ಯಾನು ಇದನ್ನು ಇಮ್ಮಡಿಸುತ್ತವೆ. ಬಯಲುಸೀಮೆಯ ಒಣಗಾಳಿ, ಧೂಳಿನ ಊರುಗಳಲ್ಲಂತೂ ಕೇಳುವುದೇ ಬೇಡ.

ಎರಡನೆಯದು ಹತ್ತಿರದ ನೋಟ. ಸಮೀಪದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಪುಟ್ಟ ಸ್ನಾಯು ಬಿಗಿದುಕೊಂಡು ಮಸೂರವನ್ನು ಉಬ್ಬಿಸುತ್ತದೆ. ದೂರ ನೋಡಿದಾಗ ಸಡಿಲಗೊಳ್ಳುತ್ತದೆ. ಗಂಟೆಗಟ್ಟಲೆ ಮುಷ್ಟಿ ಬಿಗಿಹಿಡಿದ ಕೈ ನೋಯುವಂತೆ ಈ ಸ್ನಾಯುವೂ ದಣಿಯುತ್ತದೆ. ಮೊಬೈಲನ್ನು ಪುಸ್ತಕಕ್ಕಿಂತಲೂ ಹತ್ತಿರ ಹಿಡಿಯುವ ಅಭ್ಯಾಸ ಬಹುತೇಕರದ್ದು.

ಮೂರನೆಯ ಕಾರಣ, ಪತ್ತೆಯಾಗದೆ ಉಳಿದ ದೃಷ್ಟಿದೋಷ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾಗುವುದು ವಯೋಸಹಜ. ಅದಕ್ಕೇ ನಮ್ಮ ಹಿರಿಯರು ಆ ಕನ್ನಡಕಕ್ಕೆ ‘ಚಾಳೀಸು’ ಎಂದರು. ಆಗ ಮೊಬೈಲು ಇರಲಿಲ್ಲ ಎಂಬುದನ್ನು ಮರೆತು ಇಂದಿನ ನಲವತ್ತರ ಮಂದಿ ಫೋನನ್ನು ಶಪಿಸುತ್ತಾರೆ. ಇಂಥವರಿಗೆ ಬೇಕಾದದ್ದು ಸರಿಯಾದ ಅಂಕಿಯ ಗಾಜು. ಅಂಕಿಯಿಲ್ಲದ ಬ್ಲೂ ಕಟ್ ಅಲ್ಲ. ಮಕ್ಕಳ ವಿಷಯದಲ್ಲಿ ಈ ಅದಲುಬದಲು ಇನ್ನೂ ಗಂಭೀರ. ಹಲಗೆಯ ಮೇಲಿನ ಬರಹ ಕಾಣದ ಮಗುವಿಗೆ ತಪಾಸಣೆಯೇ ಇಲ್ಲದೆ ‘ಮೊಬೈಲ್ ಕನ್ನಡಕ’ ತೊಡಿಸಿ ನೆಮ್ಮದಿಯಾಗಿ ಕುಳಿತರೆ ನಿಜವಾದ ದೋಷ ಒಳಗೇ ಬೆಳೆಯುತ್ತದೆ.

ಆನ್‌ಲೈನ್ ತರಗತಿಯ ವರ್ಷ

ಕರ್ನಾಟಕದಲ್ಲಿ ಈ ಭಯ ಮನೆಮನೆಗೂ ತಲುಪಿದ್ದು 2020ರಲ್ಲಿ. ಕೊರೊನಾದಿಂದ ಶಾಲೆಗಳು ಮುಚ್ಚಿ, ತರಗತಿಗಳು ಮೊಬೈಲಿಗೆ ಬಂದವು. ಆ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿವರೆಗಿನ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಬಳಿಕ ಸೀಮಿತ ಅವಧಿಗೆ ಅವಕಾಶ ನೀಡಿತು. ಜೂನ್ 15 ಮತ್ತು 27ರ ಆ ಆದೇಶಗಳಿಗೆ ಜುಲೈ 8ರಂದು ಹೈಕೋರ್ಟ್ ತಡೆ ನೀಡಿತು. ಚರ್ಚೆ ನ್ಯಾಯಾಲಯದಲ್ಲಿ ನಡೆದರೆ, ಕನ್ನಡಕದ ವ್ಯಾಪಾರ ಬೀದಿಯಲ್ಲಿ ನಡೆಯಿತು.

ಆ ದಿನಗಳಲ್ಲಿ ಮಕ್ಕಳ ಕಣ್ಣಿಗೆ ಆದ ನಿಜವಾದ ನಷ್ಟ ನೀಲಿ ಬೆಳಕು ಹೆಚ್ಚಾದದ್ದಲ್ಲ, ಹಗಲ ಬೆಳಕು ಕಡಿಮೆಯಾದದ್ದು. ಬಯಲಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ, ಅಂದರೆ ದೂರದ್ದು ಕಾಣದ ದೋಷ ಕಡಿಮೆ ಎಂಬುದು ಹಲವು ದೇಶಗಳ ಅನುಭವ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣಕ್ಕೆ ಬಿಟ್ಟ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಶೇ 30.4ರಷ್ಟು ಮಂದಿಗೆ ಸಮೀಪದೃಷ್ಟಿ ಬಂತು. ಬಿಡದ ಶಾಲೆಗಳಲ್ಲಿ ಶೇ 39.5ರಷ್ಟು ಮಂದಿಗೆ. ತೈವಾನ್ 2010ರಿಂದಲೇ ದಿನಕ್ಕೆ ಎರಡು ಗಂಟೆ ಹೊರಾಂಗಣ ಎಂಬ ಗುರಿಯನ್ನು ಶಾಲೆಗಳಿಗೆ ಕೊಟ್ಟಿದೆ. ಹೊರಗಿನ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಸ್ರವಿಸಿ ಕಣ್ಣುಗುಡ್ಡೆ ಅತಿಯಾಗಿ ಉದ್ದ ಬೆಳೆಯುವುದನ್ನು ತಡೆಯುತ್ತದೆ ಎಂಬುದು ಪ್ರಬಲ ವಿವರಣೆ. ಸೂರ್ಯನನ್ನು ದಿಟ್ಟಿಸಬೇಕೆಂದಲ್ಲ, ಮರದ ನೆರಳಿನಲ್ಲಿ ಆಡಿದರೂ ಕೊಠಡಿಗಿಂತ ಎಷ್ಟೋ ಪಟ್ಟು ಬೆಳಕು ಸಿಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. 2020ರ ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ‘ವಿದ್ಯಾಗಮ’ ಆರಂಭವಾದಾಗ ಶಿಕ್ಷಕರು ಗುಡಿಯ ಅಂಗಳ, ಮರದ ಕಟ್ಟೆಗಳಲ್ಲಿ ಪಾಠ ಮಾಡಿದರು. ಕೊರೊನಾ ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಕಣ್ಣಿನ ಆರೋಗ್ಯ ಅದರ ಉದ್ದೇಶವೇ ಆಗಿರಲಿಲ್ಲ. ಆದರೆ ಕೈಯಲ್ಲಿ ಮೊಬೈಲಿಲ್ಲದ ಆ ಮಕ್ಕಳು ಕುಳಿತದ್ದು, ಇಂದು ನೇತ್ರತಜ್ಞರು ಹಣವಂತರ ಮಕ್ಕಳಿಗೆ ಬರೆದುಕೊಡುವ ಔಷಧಿಯ ಕೆಳಗೇ.

2050ರ ವೇಳೆಗೆ ಜಗತ್ತಿನ ಅರ್ಧದಷ್ಟು ಜನಕ್ಕೆ ಸಮೀಪದೃಷ್ಟಿ ಇರಲಿದೆ ಎಂಬ ಅಂದಾಜು 2016ರಲ್ಲಿ ಪ್ರಕಟವಾಗಿದೆ. ಇದು ಕನ್ನಡಕ ಹಾಕಿದರೆ ಮುಗಿಯುವ ಮಾತಲ್ಲ. ಅಂಕಿ ತೀರಾ ಏರಿದವರಿಗೆ ಮುಂದೆ ಅಕ್ಷಿಪಟಲ ಕಳಚಿಕೊಳ್ಳುವ ಅಪಾಯವೂ ಹೆಚ್ಚು.

ರಾತ್ರಿಯ ಲೆಕ್ಕ ಬೇರೆ

ನೀಲಿ ಬೆಳಕಿಗೆ ನಿಜವಾಗಿ ಅಂಜಬೇಕಾದದ್ದು ಕಣ್ಣಲ್ಲ, ನಿದ್ರೆ. ಅಕ್ಷಿಪಟಲದಲ್ಲಿರುವ ಒಂದು ಬಗೆಯ ಜೀವಕೋಶಗಳು ನೋಟಕ್ಕಲ್ಲದೆ ಹಗಲು ರಾತ್ರಿಯ ಅರಿವಿಗೆ ಮೀಸಲು. ಸುಮಾರು 480 ನ್ಯಾನೊಮೀಟರಿನ ನೀಲಿಗೆ ಅವು ಹೆಚ್ಚು ಸ್ಪಂದಿಸಿ, ‘ಇನ್ನೂ ಹಗಲಿದೆ’ ಎಂದು ಮೆದುಳಿಗೆ ತಿಳಿಸುತ್ತವೆ; ನಿದ್ರೆಗೆ ನೆರವಾಗುವ ಮೆಲಟೋನಿನ್ ಸ್ರವಿಸುವುದು ತಡವಾಗುತ್ತದೆ. 2015ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಅಧ್ಯಯನದಲ್ಲಿ, ಮಲಗುವ ಮುನ್ನ ನಾಲ್ಕು ಗಂಟೆ ಬೆಳಗುವ ಪರದೆಯಲ್ಲಿ ಓದಿದವರಿಗೆ ಮುದ್ರಿತ ಪುಸ್ತಕ ಓದಿದಾಗಿನದಕ್ಕಿಂತ ಸುಮಾರು ಹತ್ತು ನಿಮಿಷ ತಡವಾಗಿ ನಿದ್ರೆ ಬಂತು.

ಹತ್ತೇ ನಿಮಿಷವೇ ಎಂದು ಕೇಳಬಹುದು. ಹೌದು. ಉಳಿದ ಒಂದೆರಡು ಗಂಟೆ ಕದಿಯುವುದು ಬೆಳಕಲ್ಲ, ಪರದೆಯೊಳಗಿನ ಸರಕು. ಐಫೋನಿನ ‘ನೈಟ್ ಶಿಫ್ಟ್’ ಸೌಲಭ್ಯವನ್ನು ಪರೀಕ್ಷಿಸಿದ 2021ರ ಅಮೆರಿಕದ ಅಧ್ಯಯನವೊಂದರಲ್ಲಿ, ಪರದೆಯನ್ನು ಹಳದಿಯಾಗಿಸಿದ್ದರಿಂದ ನಿದ್ರೆ ಸುಧಾರಿಸಿದ್ದು ಕಾಣಲಿಲ್ಲ. ಬಿಡಲಾಗದ ಮೊಬೈಲ್ ಗೀಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ. ಅಲ್ಲಿಗೆ ಹೋಗಬೇಕಾದವರ ಕೈಗೆ ಹಳದಿ ಗಾಜು ಕೊಟ್ಟು ಪ್ರಯೋಜನವಿಲ್ಲ.

ಮಾಡಬೇಕಾದ್ದೇನು?

ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸೂತ್ರ ಜನಪ್ರಿಯ. ಅಂಕಿಗಳಲ್ಲಿ ಪವಾಡವೇನಿಲ್ಲ, ಕಿಟಕಿಯಾಚೆ ಆಗಾಗ ದೃಷ್ಟಿ ಹಾಯಿಸಿ, ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆದರೆ ಸಾಕು. ಕಂಪ್ಯೂಟರ್ ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ.

ಉರಿ ಕಂಡೊಡನೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಿಕೊಳ್ಳುವುದು ನೀಲಿ ಬೆಳಕಿಗಿಂತ ಖಂಡಿತ ಅಪಾಯಕಾರಿ. ಸ್ಟಿರಾಯ್ಡ್ ಇರುವ ಹನಿಗಳು ಮೊದಲ ದಿನವೇ ಹಾಯೆನಿಸುತ್ತವೆ. ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನೊತ್ತಡ ಏರಿ ಗ್ಲಾಕೋಮಾ ತರಬಲ್ಲವು, ಪೊರೆಯನ್ನೂ ಬರಿಸಬಲ್ಲವು. ಹರಳೆಣ್ಣೆ, ಎದೆಹಾಲು ಬಿಡುವ ಮನೆಮದ್ದುಗಳೂ ಸೋಂಕಿಗೆ ದಾರಿ.

ಬಿಸಿಲಿನಲ್ಲಿ ದುಡಿಯುವವರಿಗೆ ಬೇಕಾದ ರಕ್ಷಣೆ ಬೇರೆಯದೇ. ಸೂರ್ಯನ ಅತಿನೇರಳೆ ಕಿರಣ ಪೊರೆಗೆ ಒಂದು ಕಾರಣ. ಮೊಬೈಲ್ ಪರದೆ ಆ ಕಿರಣವನ್ನು ಹೊಮ್ಮಿಸುವುದೇ ಇಲ್ಲವೆನ್ನಬಹುದು. ಹೊಸಹಳ್ಳಿಯ ರೈತನಿಗೆ ಅಗಲ ಅಂಚಿನ ಟೋಪಿ, ಅತಿನೇರಳೆ ತಡೆಯುವ ತಂಪು ಕನ್ನಡಕ ಉಪಯುಕ್ತ. ವೆಲ್ಡಿಂಗ್ ಕೆಲಸದವನಿಗೆ ಮುಖಗವಸು ಕಡ್ಡಾಯ. ಬ್ಲೂ ಕಟ್ ಗಾಜು ಇವೆರಡರ ಜಾಗವನ್ನೂ ತುಂಬಲಾರದು.

ಈಗಾಗಲೇ ಅದನ್ನು ಕೊಂಡವರು ಬಿಸಾಡಬೇಕಿಲ್ಲ. ಅಂಕಿ ಸರಿಯಿದ್ದರೆ ಧರಿಸುವುದರಿಂದ ತೊಂದರೆಯೇನೂ ಇಲ್ಲ. ಹೊಸದಾಗಿ ಕೊಳ್ಳುವವರು ಮೊದಲು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಬಳಿ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಶಾಲಾ ಮಕ್ಕಳ ದೃಷ್ಟಿ ತಪಾಸಣೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗವೇ ಆಗಿದೆ. ಹಠಾತ್ತನೆ ದೃಷ್ಟಿ ಕುಂದಿದರೆ, ಮಿಂಚು ಹೊಳೆದಂತಾಗಿ ಕಪ್ಪು ಚುಕ್ಕೆಗಳು ತೇಲಿದರೆ, ನೋಟಕ್ಕೆ ಪರದೆ ಇಳಿಬಿಟ್ಟಂತಾದರೆ ಅದು ಮೊಬೈಲಿನ ಆಯಾಸವಲ್ಲ. ಅದೇ ದಿನ ನೇತ್ರವೈದ್ಯರನ್ನು ಕಾಣಬೇಕು.