ಆಯ್ಕೆಯ ಭಾರ, ಬಾಳಿನ ಘನತೆ

ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ದೇಶವು ಜರ್ಮನರ ವಶವಾಗಿದ್ದ ಕಾಲದಲ್ಲಿ, ತತ್ತ್ವಜ್ಞಾನಿ ಸಾರ್ತ್ರೆಯ ಬಳಿಗೆ ವಿದ್ಯಾರ್ಥಿಯೊಬ್ಬನು ಧರ್ಮಸಂಕಟವೊಂದನ್ನು ಹೊತ್ತು ಬಂದನು. ಅವನ ಅಣ್ಣನು 1940ರ ಜರ್ಮನ್ ಆಕ್ರಮಣದಲ್ಲಿ ಮಡಿದಿದ್ದನು. ತಂದೆಯ ಒಲವು ಶತ್ರುಪಕ್ಷದ ಕಡೆಗಿತ್ತು. ಗಂಡನ ನಡತೆಯಿಂದಲೂ ಹಿರಿಯ ಮಗನ ಸಾವಿನಿಂದಲೂ ಬೆಂದ ತಾಯಿಗೆ ಉಳಿದಿದ್ದ ಆಸರೆ ಈ ಹುಡುಗನೊಬ್ಬನೇ. ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಸೇನೆಯನ್ನು ಸೇರುವುದೋ, ತಾಯಿಯ ಬಳಿಯಲ್ಲೇ ನಿಲ್ಲುವುದೋ? ತಾಯಿಗೆ ಮಾಡುವ ಸೇವೆ ಕಿರಿದಾದರೂ ಅದರ ಫಲ ನಿಶ್ಚಿತ. ದೇಶಸೇವೆ ಹಿರಿದಾದರೂ ದಾರಿಯಲ್ಲಿ ಸ್ಪೇನಿನ ಶಿಬಿರದಲ್ಲಿ ಕೊಳೆಯಬೇಕಾದೀತು, ಇಲ್ಲವೆ ಯಾವುದೋ ಕಚೇರಿಯಲ್ಲಿ ಕಾಗದಪತ್ರ ತುಂಬುತ್ತ ಕೂರಬೇಕಾದೀತು.

ಈ ವೃತ್ತಾಂತವನ್ನು ಸಾರ್ತ್ರೆಯು 1945ರ ಅಕ್ಟೋಬರ್ 29ರಂದು ಪ್ಯಾರಿಸ್ಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ ವಿಸ್ತರಿಸಿದನು. ನೆರೆಯವನನ್ನು ಪ್ರೀತಿಸೆಂದು ಧರ್ಮಗ್ರಂಥವೇನೋ ವಿಧಿಸುತ್ತದೆ. ಆದರೆ ಇಲ್ಲಿ ನೆರೆಯವರು ಯಾರು, ರಣರಂಗದ ಯೋಧನೋ, ಮನೆಯೊಳಗಿನ ತಾಯಿಯೋ? ಹಿರಿಯರನ್ನು ಕೇಳೋಣವೆಂದರೆ, ಯಾರನ್ನು ಕೇಳಬೇಕೆಂದು ನಿಶ್ಚಯಿಸುವಾಗಲೇ ಎಂತಹ ಉತ್ತರ ಬೇಕೆಂಬುದನ್ನೂ ನಾವು ಮುಕ್ಕಾಲುಪಾಲು ನಿಶ್ಚಯಿಸಿರುತ್ತೇವೆ. ಆದುದರಿಂದ, ನೀನು ಸ್ವತಂತ್ರನು, ನಿರ್ಧಾರ ನಿನ್ನದೇ ಎಂಬುದಕ್ಕಿಂತ ಹೆಚ್ಚಿನದನ್ನು ಗುರುವು ಹೇಳಲಿಲ್ಲ. ಇದನ್ನು ನಿರ್ದಯವೆನ್ನುವವರುಂಟು. ನನಗಾದರೋ ಶಿಷ್ಯನ ಬಾಳನ್ನು ತನ್ನ ಕೈಗೆ ತೆಗೆದುಕೊಳ್ಳಲೊಲ್ಲದ ಆ ಸಂಯಮದಲ್ಲಿ ಪರಮ ಗೌರವವೇ ಕಾಣುತ್ತದೆ.

ಮನುಷ್ಯನು ಮೊದಲು ಇರುತ್ತಾನೆ, ಆಮೇಲೆ ತನ್ನ ಕೃತಿಗಳಿಂದ ಏನೋ ಒಂದು ಆಗುತ್ತಾನೆ ಎಂಬುದು ಸಾರ್ತ್ರೆಯ ಅಸ್ತಿತ್ವವಾದದ ತಿರುಳು. ಇದು ನಿರೀಶ್ವರವಾದಿಗಳಿಗೆ ಮಾತ್ರ ಸಂದ ವಿಚಾರವೂ ಅಲ್ಲ. ಈ ಚಿಂತನೆಗೆ ಮೂಲಪುರುಷನೆನಿಸಿದ ಡೆನ್ಮಾರ್ಕಿನ ಕೀರ್ಕೆಗಾರ್ಡನು (1813–1855) ದೈವಭಕ್ತನಾಗಿದ್ದೂ, ಭಕ್ತಿಯೆಂಬುದು ಜನಜಂಗುಳಿಯೊಡನೆ ಸಾಗಿ ಪಡೆಯುವ ವಸ್ತುವಲ್ಲ, ಒಬ್ಬೊಬ್ಬನೂ ಏಕಾಕಿಯಾಗಿ ದೇವರೆದುರು ನಿಂತು ಕೈಗೊಳ್ಳಬೇಕಾದ ನಿರ್ಧಾರವೆಂದೇ ಸಾಧಿಸಿದನು.

ಕನ್ನಡದ ನವ್ಯ ಸಾಹಿತ್ಯಕ್ಕೂ ಈ ಚಿಂತನೆಯ ಬಿಸಿ ತಾಗಿತು. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯಲ್ಲಿ, ಆಚಾರಭ್ರಷ್ಟ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡತಕ್ಕವರು ಯಾರೆಂದು ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ತಡಕುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ಗ್ರಂಥದಲ್ಲಿಯೂ ಉತ್ತರವಿಲ್ಲ, ದೇವರಲ್ಲಿಯೂ ಉತ್ತರವಿಲ್ಲ. ಅನಂತರ ಕಾಡಿನ ಕತ್ತಲೆಯಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯೊಡನೆ ಅಕಸ್ಮಾತ್ತಾಗಿ ಘಟಿಸಿಹೋದುದನ್ನು ತಮ್ಮದೇ ಕೃತ್ಯವೆಂದು ಒಪ್ಪಿಕೊಳ್ಳಬೇಕೆ ಎಂಬ ತಳಮಳವೇ ಆ ಮಹಾವಿದ್ವಾಂಸರಿಗೆ ನಿಜವಾದ ವಿದ್ಯಾಭ್ಯಾಸವಾಗುತ್ತದೆ.

ಇಂತಹ ಸ್ವಾತಂತ್ರ್ಯವು ಸ್ವೇಚ್ಛೆಗೆ ದಾರಿಯಾಗದೆ ಎಂಬ ಶಂಕೆಗೆ ಸಾರ್ತ್ರೆಯ ಒಡನಾಡಿಯಾದ ತತ್ತ್ವಜ್ಞಾನಿ ಸಿಮೋನ್ ದ ಬೋವಾ 1947ರಲ್ಲಿಯೇ ಸಮಾಧಾನವಿತ್ತಳು: ಪರರ ಸ್ವಾತಂತ್ರ್ಯವನ್ನು ಬಯಸದವನು ತನ್ನ ಸ್ವಾತಂತ್ರ್ಯವನ್ನೂ ನಿಜವಾಗಿ ಬಯಸಿದವನಲ್ಲವೆಂಬುದು ಅವಳ ಮತ. ಹಣೆಬರಹದ ಮೇಲೆಯೋ, ಕುಲಾಚಾರದ ಮೇಲೆಯೋ, ನಾಲ್ಕು ಜನರ ಮಾತಿನ ಮೇಲೆಯೋ ಹೊಣೆಯನ್ನು ಹೊರಿಸಿ ಹಗುರಾಗುವುದು ಸುಲಭ. ಆದರೆ ಹಾಗೆ ಹೊಣೆಯನ್ನು ಕಳಚಿಕೊಂಡವನು, ಬಾಳಿನಲ್ಲಿ ತನ್ನದೆನ್ನಬಹುದಾಗಿದ್ದ ಒಂದೇ ಒಂದು ವಸ್ತುವನ್ನೂ ಅದರೊಡನೆಯೇ ಕಳೆದುಕೊಳ್ಳುತ್ತಾನೆ.