ಹೊರಗೆ ಹಾರುವ ಕಿಡಿ ಒಳಗೇಕೆ ಹಾರದು?

ಚಳಿಗಾಲದ ಬೆಳಗ್ಗೆ ಹಳೆಯ ಅಂಬಾಸಿಡರ್ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಬಿಚ್ಚುವುದು ಪ್ಲಗ್ಗನ್ನು. ಅದನ್ನು ವೈರಿಗೆ ಸಿಕ್ಕಿಸಿ, ಮೈಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ, ಸೆಲ್ಫ್ ಹೊಡೆಯಲು ಹೇಳುತ್ತಾನೆ. ಚಟ್ಟೆಂದು ಕಿಡಿ ಹಾರುತ್ತದೆ. "ಕರೆಂಟ್ ಬರ್ತಾ ಇದೆ ಸಾರ್, ಪ್ಲಗ್ ಚೆನ್ನಾಗೇ ಇದೆ" ಎಂದು ಕಾರ್ಬುರೇಟರಿಗೆ ಕೈ ಹಾಕುತ್ತಾನೆ. ಅವನ ಮಾತಿನ ಮೊದಲರ್ಧ ನಿಜ, ಎರಡನೆಯದನ್ನು ನಂಬುವಂತಿಲ್ಲ.

ಬಯಲ ಗಾಳಿಯಲ್ಲಿ ಒಂದು ಮಿಲಿಮೀಟರ್ ಸಂದು ದಾಟಲು ಕಿಡಿಗೆ ಸುಮಾರು 3,000 ವೋಲ್ಟ್ ಸಾಕು. ಈ ಕಾರಿನ ಪ್ಲಗ್ ಗ್ಯಾಪ್ ಇನ್ನೂ ಕಿರಿದು, 0.6 ಮಿ.ಮೀ. ಆಸುಪಾಸು. ಸಿಲಿಂಡರಿನೊಳಗಿನ ಕತೆಯೇ ಬೇರೆ. ಅಲ್ಲಿ ಪಿಸ್ಟನ್ನು ಗಾಳಿ-ಪೆಟ್ರೋಲನ್ನು ಏಳೆಂಟು ಪಟ್ಟು ಒತ್ತಿ ಹಿಡಿದಿರುತ್ತದೆ. ಅಣುಗಳ ಆ ನೂಕುನುಗ್ಗಲಿನಲ್ಲಿ ಎಲೆಕ್ಟ್ರಾನು ವೇಗ ಪಡೆಯುವ ಮೊದಲೇ ಯಾವುದಾದರೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಕಿಡಿಗೆ ಬೇಕಾದ ವೋಲ್ಟೇಜು ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸುತ್ತದೆಂದು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿದ್ದ. ಸವೆದ ಪ್ಲಗ್ಗಿನಲ್ಲಿ ಅಂತರವೂ ಹಿಗ್ಗಿರುತ್ತದೆ, ಚೂಪಾಗಿರಬೇಕಾದ ಅಂಚು ಮೊಂಡಾಗಿರುತ್ತದೆ.

ಬೇಡಿಕೆ ಹೆಚ್ಚಿದ ಹೊತ್ತಿಗೇ ಪೂರೈಕೆ ಕುಸಿಯುತ್ತದೆ. ಸೆಲ್ಫ್ ಎಳೆದಾಗ 12 ವೋಲ್ಟ್ ಬ್ಯಾಟರಿ 9ಕ್ಕೆ ಇಳಿಯಿತೆನ್ನಿ. ಕಿಡಿಗೆ ವೋಲ್ಟೇಜು ಏರಿಸಿಕೊಡುವ ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತಿರುವುದರಿಂದ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಸುಟ್ಟಿದ್ದರೆ ಅದೂ ಇಲ್ಲ. ಅಷ್ಟರಲ್ಲೂ ಹೊರಗಿನ ಗಾಳಿಯಲ್ಲಿ ಕಿಡಿ ಚಟ್ಟೆನ್ನುತ್ತದೆ!

ಇನ್ನು ಚೋಕ್. ತಣ್ಣನೆಯ ಪೆಟ್ರೋಲು ಸರಿಯಾಗಿ ಆವಿಯಾಗದ್ದರಿಂದ ಚೋಕ್ ಎಳೆದು ಹೆಚ್ಚು ಪೆಟ್ರೋಲು ಕೊಡುತ್ತೇವೆ. ಪದೇ ಪದೇ ಎಳೆದರೆ ಪ್ಲಗ್ ತೊಯ್ಯುತ್ತದೆ, ಪಿಂಗಾಣಿ ಮೂತಿಗೆ ಮಸಿ ಹಿಡಿಯುತ್ತದೆ. ಮಸಿಯೆಂದರೆ ಇಂಗಾಲ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ವೋಲ್ಟೇಜು ಏರುವ ಮೊದಲೇ ಆ ದಾರಿಯಲ್ಲಿ ಸೋರಿಹೋಗುತ್ತದೆ. ಮೂತಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಹಾಲಿನ ಬೂತಿಗೂ ದೇವಸ್ಥಾನಕ್ಕೂ ಮಾತ್ರ ಹೋಗಿಬರುವ ಕಾರಿಗೆ ಆ ಭಾಗ್ಯವೆಲ್ಲಿ?

ಹಿಂದೆ ಬೆಂಗಳೂರಿನಲ್ಲೇ ಮೈಕೊ ಪ್ಲಗ್ಗುಗಳು ತಯಾರಾಗುತ್ತಿದ್ದವು. ಯಾವ ಬ್ರ್ಯಾಂಡಾದರೂ ಸರಿ, ಕಾರ್ಬುರೇಟರ್ ಬಿಚ್ಚುವ ಮೊದಲು ಗ್ಯಾಪ್ ಅಳೆದ ಹೊಸ ಪ್ಲಗ್ ಹಾಕಿ ನೋಡುವುದು ಅಗ್ಗ. ಓವರ್‌ಫ್ಲೋ ಆಗಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಒಳನುಗ್ಗುವ ಗಾಳಿ ಹೆಚ್ಚಿನ ಪೆಟ್ರೋಲನ್ನು ಸೈಲೆನ್ಸರಿನ ಕಡೆಗೆ ದಾಟಿಸುತ್ತದೆ.