ಯಂತ್ರವು ‘ಇಲ್ಲ’ವೆಂದಾಗ: ದೋಷಾಂಕಗಳ ವಿಚಾರ

ಹುಮನಾಬಾದದಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ, ಕೂಲಿಯಿಂದ ಜೀವಿಸುವ ಮುದುಕಿಯೊಬ್ಬಳು ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಬೆರಳನ್ನೊತ್ತಲು, ಆ ಗುರುತು ಆಧಾರ್ ಪ್ರಾಧಿಕಾರದ ಗಣಕಯಂತ್ರಕ್ಕೆ ಹೋಗಿ ಉತ್ತರವು ಬರುತ್ತದೆ. ಬರಿಯ ‘ಇಲ್ಲ’ವೆಂದು ಬಂದರೆ ತಪ್ಪು ಯಾರದೆಂದು ತಿಳಿಯದು, ಆಕೆಯು ಅಕ್ಕಿಯಿಲ್ಲದೆ ಹಿಂದಿರುಗಬೇಕಾದೀತು. ಆದುದರಿಂದ ಉತ್ತರದೊಡನೆ ಕಾರಣವನ್ನು ಸೂಚಿಸುವ ದೋಷಾಂಕವನ್ನೂ ಏರ್ಪಡಿಸಿರುತ್ತಾರೆ. 300 ಎಂದರೆ ಬೆರಳಿನ ಗುರುತು ಹೊಂದಲಿಲ್ಲ. ದುಡಿಮೆಯಿಂದ ರೇಖೆಗಳು ಸವೆದಿರಬಹುದು, ಬೇರೆ ಬೆರಳನ್ನು ಒತ್ತಿಸಿ ನೋಡಬೇಕು. 998 ಎಂದರೆ ಆಧಾರ್ ಸಂಖ್ಯೆಯೇ ಸರಿಯಲ್ಲ. 510 ಎಂದರೆ ಕಳುಹಿಸಿದ ವಿನಂತಿಯ ರೂಪವೇ ತಪ್ಪು; ಇದು ತಂತ್ರಾಂಶದ ದೋಷವೇ ಹೊರತು ಮುದುಕಿಯದಲ್ಲ.

ಗಣಕಯಂತ್ರಗಳು ಪರಸ್ಪರ ಸಂದೇಶಗಳನ್ನು ಕಳುಹಿಸುವ ‘ಸೋಪ್’ ಎಂಬ ಪದ್ಧತಿಯಲ್ಲಿಯೂ ಇಂತಹದೇ ನಿಯಮವುಂಟು. 2000ನೆಯ ಇಸವಿಯ 1.1ನೆಯ ಆವೃತ್ತಿಯಂತೆ, ತಪ್ಪು ಕೇಳಿದವರದೋ ಕೊಡುವವರದೋ ಎಂಬುದನ್ನು ಮೊದಲು ತಿಳಿಸಿ, ತಮ್ಮದೇ ಆದ ದೋಷಾಂಕವನ್ನು ‘ಡೀಟೇಲ್’ ಎಂಬ ಭಾಗದಲ್ಲಿಡಬಹುದು.

ಪ್ರಿಯ ಸೋದರಿಯರೇ, ನಿಮ್ಮಲ್ಲಿ ಗಣಕವಿದ್ಯೆಯನ್ನು ಕಲಿಯುವವರು ಇದನ್ನು ಮನಸ್ಸಿನಲ್ಲಿಡಿರಿ: ಕಾರಣವನ್ನು ಸತ್ಯವಾಗಿ ತಿಳಿಸುವ ಅಂಕವು ಬಡವಳ ಮೇಲಣ ಅಪವಾದವನ್ನು ನೀಗಿಸುವುದು.